ಸೈಕಲ್ ರಿಮ್ಮಿನ ಸವೆತ: ಯಾವುದಕ್ಕೆ ದುರಸ್ತಿ, ಯಾವುದಕ್ಕೆ ಬದಲಾವಣೆ?



ಊರೂರಿಗೆ ಮೋಟಾರ್ ಬೈಕ್ ಬಂದಿದ್ದರೂ, ತೋಟದ ಮನೆಯಿಂದ ಸಂಘಕ್ಕೆ ಹಳೆಯ ಸೈಕಲ್ಲಿನಲ್ಲೇ ಹಾಲು ತರುವ ಸದಸ್ಯರು ಈಗಲೂ ಇದ್ದಾರೆ. ಕ್ಯಾರಿಯರ್‌ನ ಎರಡೂ ಬದಿಗೆ 20 ಲೀಟರಿನ ಒಂದೊಂದು ಕ್ಯಾನು ತೂಗುಹಾಕಿದರೆ ಹಾಲಿನ ತೂಕವೇ 41 ಕಿಲೋ ಆಗುತ್ತದೆ. ಈ ಭಾರ ಹೆಚ್ಚಾಗಿ ಬೀಳುವುದು ಹಿಂದಿನ ಚಕ್ರದ ಮೇಲೆ. ಇಳಿಜಾರಿನಲ್ಲಿ ರಿಮ್ಮು ಕೈಕೊಟ್ಟರೆ ಹಾಲು ಚೆಲ್ಲುವುದಷ್ಟೇ ಅಲ್ಲ, ಕೈಕಾಲೂ ಮುರಿಯಬಹುದು.

ಸರಳಿನ ಬ್ರೇಕ್ ಇರುವ ಸೈಕಲ್‌ಗಳಲ್ಲಿ ಬ್ರೇಕ್ ರಬ್ಬರ್ ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳಿರುವ ಕಡೆಗೆ ಉಜ್ಜುತ್ತದೆ. ರಬ್ಬರಿಗೆ ಅಂಟಿದ ಮರಳು ಕ್ರೋಮ್ ಲೇಪವನ್ನು ಕೆರೆಯುತ್ತದೆ. ಲೇಪ ಹೋದ ಕಡೆ ಕೆಸರು ಮತ್ತು ಚೆಲ್ಲಿ ಹುಳಿಯಾದ ಹಾಲು ತುಕ್ಕು ಹಿಡಿಸುತ್ತವೆ. ಆದ್ದರಿಂದ ಟೈರು, ಟ್ಯೂಬು, ರಿಮ್ ಟೇಪು ಬಿಚ್ಚಿ ಎರಡೂ ಕಡೆ ಪರೀಕ್ಷಿಸಿ.

1. ಮೇಲುತುಕ್ಕು: ಉಪ್ಪುಕಾಗದದಿಂದ ಉಜ್ಜಿ ಒಣಬಟ್ಟೆಯಿಂದ ಒರೆಸಿ. ಟೈರಿನೊಳಗೆ ಮುಚ್ಚಿಹೋಗುವ ಭಾಗಕ್ಕೆ ರೆಡ್ ಆಕ್ಸೈಡ್ ಬಳಿದು ಒಣಗಲು ಬಿಡಿ. ಬ್ರೇಕ್ ತಾಗುವ ಜಾಗಕ್ಕೆ ಮಾತ್ರ ಬಣ್ಣ, ಎಣ್ಣೆ, ಗ್ರೀಸ್ ಬೇಡವೇ ಬೇಡ; ಬ್ರೇಕ್ ಹಿಡಿಯುವುದಿಲ್ಲ.

2. ಬೆಂಡು: ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಮೆಸುಣ್ಣವನ್ನು ರಿಮ್ಮಿನ ಪಕ್ಕದಲ್ಲಿ ಅಲುಗದಂತೆ ಹಿಡಿದು ಚಕ್ರ ತಿರುಗಿಸಿ. ಗುರುತು ಬಿದ್ದ ಕಡೆ ರಿಮ್ಮು ಆ ಬದಿಗೆ ವಾಲಿದೆ ಎಂದರ್ಥ. ಅಲ್ಲಿ ಎದುರು ಬದಿಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಿ, ಗುರುತು ಬಿದ್ದ ಬದಿಯದನ್ನು ಅಷ್ಟೇ ಸಡಿಲಿಸಿ. ಮತ್ತೆ ತಿರುಗಿಸಿ ನೋಡಿ. ಟ್ಯೂಬಿಗೆ ಚುಚ್ಚುವಂತೆ ಹೊರಬಂದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ.

3. ಬದಲಾವಣೆ: ತುಕ್ಕು ಉಜ್ಜಿದ ಮೇಲೂ ಆಳವಾದ ಗುಳಿ ಉಳಿದರೆ, ಮೊಳೆಯಿಂದ ಒತ್ತಿದಾಗ ತಗಡು ಒಳಸರಿದರೆ, ನಿಪ್ಪಲ್ ತೂತಿನ ಸುತ್ತ ಬಿರುಕಿದ್ದರೆ, ಟೈರು ಹಿಡಿಯುವ ಅಂಚು ಸೀಳಿದ್ದರೆ ಆ ರಿಮ್ಮಿಗೆ ದುರಸ್ತಿ ಇಲ್ಲ. ವೆಲ್ಡಿಂಗ್ ಹಾಕಿಸಬೇಡಿ. ಕಾದ ತಗಡು ಡೊಂಕಾಗುತ್ತದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯಬಹುದು.

ಹೊಸ ರಿಮ್ಮು ಕೊಳ್ಳುವ ಮೊದಲು ಟೈರಿನ ಮೇಲಿನ ಅಳತೆ ಬರೆದುಕೊಳ್ಳಿ, ಕಡ್ಡಿಗಳನ್ನು ಎಣಿಸಿ. ಹಳೆಯ ದೊಡ್ಡ ಸೈಕಲ್‌ಗಳಲ್ಲಿ 28 × 1½ ಅಳತೆ, ಮುಂದಿನ ಚಕ್ರಕ್ಕೆ 32 ಹಾಗೂ ಹಿಂದಿನದಕ್ಕೆ 40 ಕಡ್ಡಿ ಸಾಮಾನ್ಯ. ಬ್ರೇಕ್ ರಬ್ಬರನ್ನೂ ಜೊತೆಗೇ ಬದಲಿಸಿ. ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ. ಮಳೆಯಲ್ಲಿ ಕ್ಯಾನು ತುಂಬಿದ್ದಾಗ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗಿ.

ದಿನವೂ ಹಾಲನ್ನು ಪರೀಕ್ಷೆಗೆ ಒಡ್ಡುವ ನಾವು, ಅದನ್ನು ಹೊತ್ತು ತರುವ ಚಕ್ರವನ್ನು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸೋಣ.