ಕಾಫಿ: ಜಾಗರಣೆಯ ಪಾನೀಯ

ಪ್ರಾತಃಕಾಲದ ಒಂದು ಲೋಟ ಕಾಫಿಯಿಲ್ಲದೆ ದಿನವೇ ಆರಂಭವಾಗದೆಂಬ ಮನೆಗಳು ಕರ್ನಾಟಕದಲ್ಲಿರುವಂತೆಯೇ ತಮಿಳುನಾಡಿನಲ್ಲಿಯೂ ಹೇರಳವಾಗಿವೆ. ಪೆರುಂಗುಡಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಪರಸ್ಥಳವೆಂಬ ಭಾವನೆಯನ್ನು ಮರೆಸುವ ವಸ್ತುಗಳಲ್ಲಿ ಕಾಫಿಯೂ ಒಂದು. ಈ ಪಾನೀಯವು ಮೊದಲು ಪ್ರಸಿದ್ಧಿಗೆ ಬಂದುದು ನಿದ್ರೆಯನ್ನು ದೂರವಿಡುವ ಗುಣದಿಂದ. ಅದರ ಹಿತಕ್ಕೂ ಅಹಿತಕ್ಕೂ ಆ ಗುಣವೇ ಮುಖ್ಯ ಕಾರಣ.

ಅರೇಬಿಕಾ ಕಾಫಿಗಿಡದ ತವರು ಇಥಿಯೋಪಿಯಾದ ಮಲೆಕಾಡುಗಳು. ಕಾಫಿಯನ್ನು ಪಾನೀಯವಾಗಿ ಸೇವಿಸುವ ರೂಢಿ 15ನೆಯ ಶತಮಾನದಲ್ಲಿ ಯೆಮನ್ ದೇಶದಲ್ಲಿ ನೆಲೆಗೊಂಡಿತು. ರಾತ್ರಿಯಿಡೀ ದೇವರ ನಾಮಸ್ಮರಣೆಯಲ್ಲಿ ತೊಡಗುತ್ತಿದ್ದ ಸೂಫಿ ಸಾಧಕರು ಎಚ್ಚರವಾಗಿರಲು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮೆಕ್ಕಾ ನಗರದಲ್ಲಿ ಕಾಫಿಯನ್ನು ನಿಷೇಧಿಸಲಾಯಿತಾದರೂ ಆ ನಿಷೇಧ ಬಹುಕಾಲ ನಿಲ್ಲಲಿಲ್ಲ. ಅದೇ ಶತಮಾನದ ಮಧ್ಯಭಾಗದಲ್ಲಿ ಇಸ್ತಾಂಬುಲ್ ನಗರದಲ್ಲಿಯೂ, 1652ರಲ್ಲಿ ಲಂಡನ್ನಿನಲ್ಲಿಯೂ ಕಾಫಿಗೃಹಗಳು ತೆರೆದವು.

ಭಾರತಕ್ಕೆ ಕಾಫಿಯನ್ನು ತಂದ ಕೀರ್ತಿಯನ್ನು ಪರಂಪರೆಯು ಸೂಫಿ ಸಂತರಾದ ಬಾಬಾ ಬುಡನ್ ಅವರಿಗೇ ಸಲ್ಲಿಸುತ್ತದೆ. 17ನೆಯ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಅವರು ಯೆಮನ್ನಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. 1696 ಮತ್ತು 1699ರಲ್ಲಿ ಡಚ್ಚರು ಮಲಬಾರಿನಿಂದ ಜಾವಾ ದ್ವೀಪಕ್ಕೆ ಕಾಫಿಯನ್ನು ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋದ ಗಿಡದ ಸಂತತಿಯೇ ಮುಂದೆ ಅಮೆರಿಕ ಖಂಡದ ತೋಟಗಳಲ್ಲಿ ಹಬ್ಬಿತು. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ ಬೆಳೆ.

ಸೂಫಿಗಳನ್ನು ಎಚ್ಚರವಾಗಿಟ್ಟ ವಸ್ತುವಿಗೆ ಕೆಫೀನ್ ಎಂದು ಹೆಸರು. ಮೆದುಳಿಗೆ ದಣಿವನ್ನು ಸೂಚಿಸುವ ಅಡಿನೊಸಿನ್ ಎಂಬ ವಸ್ತುವಿನ ಕಾರ್ಯವನ್ನು ಇದು ತಡೆಯುತ್ತದೆ. ಇದರಿಂದ ದಣಿವು ಪರಿಹಾರವಾಗುವುದಿಲ್ಲ. ಅದರ ಅರಿವು ಮಾತ್ರ ಕೆಲಕಾಲ ಮರೆಯಾಗುತ್ತದೆ. ಸೇವಿಸಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಎಂದರೆ ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ಪ್ರಭಾವ ರಾತ್ರಿ 11ಕ್ಕೂ ಉಳಿದಿರುತ್ತದೆ. ಪೆರುಂಗುಡಿಯ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವರು ಪಾಳಿಯ ಆರಂಭದಲ್ಲಿ ಕಾಫಿ ಕುಡಿದು, ಕೊನೆಯ ಗಂಟೆಗಳಲ್ಲಿ ವರ್ಜಿಸುವುದು ಹಗಲಿನ ನಿದ್ರೆಗೆ ಹಿತಕರ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿಯೆಂದು ತಜ್ಞರ ಮತ. ಒಂದು ಲೋಟದಲ್ಲಿ ಎಷ್ಟಿದೆಯೆಂಬುದು ಡಿಕಾಕ್ಷನ್ನಿನ ಗಾಢತೆಯನ್ನು ಅವಲಂಬಿಸಿದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದ್ದು, ಚಿಕೋರಿಯಲ್ಲಿ ಅದು ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಊಟದೊಡನೆ ಅಥವಾ ಊಟವಾದೊಡನೆ ಕುಡಿದ ಕಾಫಿಯು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಇದು ಕಾಫಿಯಲ್ಲಿನ ಪಾಲಿಫಿನಾಲ್ ಎಂಬ ವಸ್ತುಗಳ ಪರಿಣಾಮ. ಆದುದರಿಂದ ರಕ್ತಹೀನತೆಯುಳ್ಳವರು, ವಿಶೇಷವಾಗಿ ಸ್ತ್ರೀಯರು, ಇಡ್ಲಿಯ ತಟ್ಟೆಯ ಪಕ್ಕದಲ್ಲಿಯೇ ಕಾಫಿಯ ಲೋಟವನ್ನಿಡುವ ರೂಢಿಯನ್ನು ಬಿಟ್ಟು, ಊಟ-ಉಪಾಹಾರಕ್ಕೂ ಕಾಫಿಗೂ ಎರಡು ಗಂಟೆಯ ಅಂತರವಿಡುವುದು ಕ್ಷೇಮ. ಹೊತ್ತನ್ನೂ ಮಿತಿಯನ್ನೂ ಅರಿತು ಕುಡಿದರೆ, ಮಲೆನಾಡಿನ ಈ ಬೀಜ ಪರಊರಿನಲ್ಲಿಯೂ ಕನ್ನಡಿಗರಿಗೆ ಹಿತವಾದ ಸಂಗಾತಿಯಾಗಿರುತ್ತದೆ.