ಕೃಷ್ಣ ನೀಹಾರಿಕೆಗಳೂ ನಕ್ಷತ್ರಗಳ ಹುಟ್ಟೂ

ಹೊನ್ನಾವರದ ಕಡಲತೀರದಲ್ಲಿ ರಾತ್ರಿಯ ಹೊತ್ತು ನಿಂತು ಪಡುವಣದ ಕಡೆಗೆ ನೋಡಿದರೆ, ಮೀನು ಹಿಡಿಯಹೋದ ದೋಣಿಗಳ ದೀಪಗಳು ದಿಗಂತದುದ್ದಕ್ಕೂ ಸಾಲುಗಟ್ಟಿ ಮಿನುಗುವುದನ್ನು ಕಾಣುತ್ತೇವೆ. ಈ ಸಾಲು ಒಂದೆಡೆ ಕಡಿದುಹೋದಂತೆ ತೋರುವುದುಂಟು. ಊರಿಗೆ ಹೊಸಬನಾದವನು, ಆ ಭಾಗದಲ್ಲಿ ದೋಣಿಗಳಿಲ್ಲವೆಂದು ತಿಳಿದಾನು. ಊರಿನವನು ಹಾಗೆ ತಿಳಿಯುವುದಿಲ್ಲ. ಅಲ್ಲಿ ಬಸವರಾಜದುರ್ಗದ ನಡುಗಡ್ಡೆಯಿದೆಯೆಂದೂ, ದೀಪಗಳು ಅದರ ಹಿಂದೆ ಮರೆಯಾಗಿವೆಯೆಂದೂ ಅವನು ಬಲ್ಲನು. ಕತ್ತಲೆಯಲ್ಲಿ ಬಂಡೆಯು ಕಣ್ಣಿಗೆ ಬೀಳದು. ಅದು ಮರೆಮಾಡಿದ ಬೆಳಕಿನಿಂದಲೇ ಅದರ ಇರವನ್ನು ನಾವು ಊಹಿಸಬೇಕು.

ಖಗೋಳಶಾಸ್ತ್ರಜ್ಞರು ಸುಮಾರು ನೂರೈವತ್ತು ವರ್ಷಗಳ ಕಾಲ ಈ ಹೊಸಬನ ಸ್ಥಿತಿಯಲ್ಲಿಯೇ ಇದ್ದರೆಂದು ಹೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆಕಾಶಗಂಗೆಯ ಹಾಲಿನಂಥ ಪಟ್ಟೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆಗಳೂ ಸೀಳುಗಳೂ ಇವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಹರ್ಷೆಲನು ವೃಶ್ಚಿಕ ರಾಶಿಯ ಭಾಗವನ್ನು ದೂರದರ್ಶಕದಿಂದ ಪರೀಕ್ಷಿಸುತ್ತಿದ್ದಾಗ ನಕ್ಷತ್ರಗಳೇ ಇಲ್ಲದ ಒಂದು ಎಡೆಯನ್ನು ಕಂಡು, ಆಕಾಶದಲ್ಲಿ ಅದೊಂದು ತೂತೆಂದೇ ಉದ್ಗರಿಸಿದನೆಂದು ಅವನ ತಂಗಿ ಕ್ಯಾರೋಲಿನ್ ಮುಂದೆ ನೆನಪಿಸಿಕೊಂಡಳು. ಆಗಿನ ಮಟ್ಟಿಗೆ ಅದು ಅಸಂಗತವಾದ ಮಾತೇನೂ ಅಲ್ಲ. ಬೆಳಕಿಲ್ಲದೆಡೆಯಲ್ಲಿ ವಸ್ತುವಿಲ್ಲವೆಂದು ತಿಳಿಯುವುದು ಸಹಜವೇ ಸರಿ. ಶಾಸ್ತ್ರಜ್ಞರಲ್ಲದ ಜನರು ಮಾತ್ರ ಕಪ್ಪನ್ನೂ ಒಂದು ವಸ್ತುವೆಂದೇ ಎಣಿಸಿದ್ದರೆಂಬುದು ಸ್ವಾರಸ್ಯದ ಸಂಗತಿ. ಆಸ್ಟ್ರೇಲಿಯದ ಮೂಲನಿವಾಸಿಗಳು ಆ ಕಲೆಗಳಲ್ಲಿ ಎಮು ಪಕ್ಷಿಯನ್ನೂ, ಪೆರುವಿನ ಇಂಕಾ ಜನರು ಲಾಮಾ ಮೃಗವನ್ನೂ ಗುರುತಿಸಿದ್ದರು.

ಈ ವಿಷಯವನ್ನು ಕ್ರಮವಾಗಿ ಕೈಗೆತ್ತಿಕೊಂಡವನು ಅಮೆರಿಕದ ಎಡ್ವರ್ಡ್ ಎಮರ್ಸನ್ ಬಾರ್ನರ್ಡ್. ಬಡತನದಲ್ಲಿ ಬೆಳೆದು, ಒಂಬತ್ತನೆಯ ವಯಸ್ಸಿನಲ್ಲಿಯೇ ಛಾಯಾಚಿತ್ರದ ಅಂಗಡಿಯೊಂದರಲ್ಲಿ ದುಡಿಯಲಾರಂಭಿಸಿದ ಈತನಿಗೆ ಆ ಕೆಲಸವೇ ಮುಂದೆ ವಿದ್ಯೆಯಾಗಿ ಒದಗಿಬಂದಿತು. ಆಕಾಶಗಂಗೆಯ ನೂರಾರು ಚಿತ್ರಗಳನ್ನು ತೆಗೆದು, ೧೯೧೯ರಲ್ಲಿ ೧೮೨ ಕಪ್ಪು ಕಲೆಗಳ ಪಟ್ಟಿಯೊಂದನ್ನು ಆತನು ಪ್ರಕಟಿಸಿದನು. ಇವು ತೂತುಗಳೆಂಬ ಭಾವನೆಯನ್ನು ಬಿಡಲು ಬಾರ್ನರ್ಡನಿಗೂ ಬಹುಕಾಲ ಹಿಡಿಯಿತು. ಆದರೆ ಒಂದು ಸರಳವಾದ ವಾದವನ್ನು ವಿದ್ಯಾರ್ಥಿಗಳು ತಾವೇ ಹೂಡಿ ನೋಡಬಹುದು. ಆಕಾಶಗಂಗೆಯು ಸಾವಿರಾರು ಜ್ಯೋತಿರ್ವರ್ಷ ದಪ್ಪನಾದ ನಕ್ಷತ್ರಗಳ ಕಾಡು. ಅದರಲ್ಲಿ ಹಿಂದಿನ ಕತ್ತಲೆಯು ಕಾಣುವಂತೆ ತೂತಿರಬೇಕಾದರೆ, ಆ ತೂತು ಉದ್ದನೆಯ ಸುರಂಗವಾಗಿರಬೇಕು, ಮತ್ತು ಆ ಸುರಂಗದ ಬಾಯಿ ಸರಿಯಾಗಿ ನಮ್ಮ ಭೂಮಿಯ ಕಡೆಗೇ ತಿರುಗಿರಬೇಕು. ಅಂಥ ಸುರಂಗ ಒಂದಿದ್ದರೆ ಆಕಸ್ಮಿಕವೆನ್ನೋಣ. ನೂರೆಂಬತ್ತೆರಡೂ ನಮ್ಮತ್ತಲೇ ಮುಖಮಾಡಿವೆಯೆಂದರೆ ನಂಬುವವರಾರು? ಆದುದರಿಂದ ಅವು ತೂತುಗಳಲ್ಲ. ನಮಗೂ ಹಿಂದಿನ ನಕ್ಷತ್ರಗಳಿಗೂ ನಡುವೆ ನಿಂತ ಮರೆಗಳು. ೧೯೩೦ರಲ್ಲಿ ರಾಬರ್ಟ್ ಟ್ರಂಪ್ಲರನು ದೂರದ ನಕ್ಷತ್ರಪುಂಜಗಳು ಇರಬೇಕಾದುದಕ್ಕಿಂತ ಹೆಚ್ಚು ಮಂಕಾಗಿರುವುದನ್ನು ಅಳೆದು ತೋರಿಸಿದ ಮೇಲೆ, ನಕ್ಷತ್ರಗಳ ನಡುವಣ ಪ್ರದೇಶದಲ್ಲಿ ಬೆಳಕನ್ನು ಹೀರುವ ಧೂಳಿದೆಯೆಂಬುದರಲ್ಲಿ ಸಂದೇಹವುಳಿಯಲಿಲ್ಲ. ಈ ಮರೆಗಳಿಗೆ ಕೃಷ್ಣ ನೀಹಾರಿಕೆಗಳೆಂದು ಹೆಸರು.

ಈ ಮರೆಯು ಎಷ್ಟು ದಟ್ಟ? ಇಲ್ಲಿ ನಮ್ಮ ಎಣಿಕೆಯು ಸುಲಭವಾಗಿ ಹಾದಿ ತಪ್ಪುತ್ತದೆ. ಬಾರ್ನರ್ಡನ ಹೆಸರನ್ನು ಹೊತ್ತ ೬೮ನೆಯ ನೀಹಾರಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಉರಗಧರ ನಕ್ಷತ್ರಮಂಡಲದಲ್ಲಿರುವ ಇದರ ಅಡ್ಡಳತೆ ಸುಮಾರು ಅರ್ಧ ಜ್ಯೋತಿರ್ವರ್ಷ. ದ್ರವ್ಯರಾಶಿ ಸೂರ್ಯನ ಸುಮಾರು ಎರಡು ಪಟ್ಟು. ೨೦೦೧ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ಇದರ ನಟ್ಟನಡುವೆ ಹಾದುಬರುವ ನಕ್ಷತ್ರದ ಬೆಳಕು ೩೦ ಕಾಂತಿಮಾನಗಳಿಗೂ ಹೆಚ್ಚಾಗಿ ಕುಗ್ಗುತ್ತದೆ. ಐದು ಕಾಂತಿಮಾನವೆಂದರೆ ನೂರು ಪಟ್ಟು. ಮೂವತ್ತೆಂದರೆ ನೂರನ್ನು ಆರು ಸಲ ಗುಣಿಸಿದಷ್ಟು, ಅರ್ಥಾತ್ ಲಕ್ಷ ಕೋಟಿ ಪಟ್ಟು. ಆದರೂ ಅದರ ಮಧ್ಯದಲ್ಲಿ ಒಂದು ಘನ ಸೆಂಟಿಮೀಟರಿಗೆ ಇರುವ ಅಣುಗಳು ಎರಡು ಲಕ್ಷದ ಆಸುಪಾಸು ಮಾತ್ರ. ನಾವು ಉಸಿರಾಡುವ ಗಾಳಿಯ ಅದೇ ಗಾತ್ರದಲ್ಲಿ ೨೫ರ ಮುಂದೆ ೧೮ ಸೊನ್ನೆಗಳನ್ನಿಟ್ಟಷ್ಟು ಅಣುಗಳಿವೆ! ನಮ್ಮ ಪ್ರಯೋಗಶಾಲೆಯ ನಿರ್ವಾತ ಪಂಪು ಎಷ್ಟು ಹೊತ್ತು ನಡೆದರೂ ಈ ನೀಹಾರಿಕೆಯಷ್ಟು ತೆಳುವಾದ ನಿರ್ವಾತವನ್ನು ಉಂಟುಮಾಡಲಾರದು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ನೀಹಾರಿಕೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಒಂದು ಚದರ ಸೆಂಟಿಮೀಟರ್ ಅಗಲದ ಕಂಬವೊಂದನ್ನು ಕಲ್ಪಿಸಿ, ಅದರೊಳಗಿನ ಅಣುಗಳನ್ನೆಲ್ಲ ಎಣಿಸಿದರೆ, ಅವು ಸುಮಾರು ಹನ್ನೆರಡು ಮೀಟರ್ ಉದ್ದದ ಗಾಳಿಯ ಕಂಬದಲ್ಲಿರುವಷ್ಟೇ ಆಗುತ್ತವೆ. ಅಂದರೆ ದೊಡ್ಡದೊಂದು ತರಗತಿಯ ಉದ್ದ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಕರಿಹಲಗೆಯು ಸ್ಪಷ್ಟವಾಗಿ ಕಾಣುತ್ತದೆಯಷ್ಟೆ? ಹಾಗಾದರೆ ನೀಹಾರಿಕೆಯ ಅನಿಲವು ಬೆಳಕನ್ನು ತಡೆಯುತ್ತಿಲ್ಲ. ತಡೆಯುತ್ತಿರುವುದು ಅದರೊಂದಿಗೆ ಬೆರೆತ ಧೂಳು. ಒಟ್ಟು ತೂಕದಲ್ಲಿ ಅದರ ಪಾಲು ನೂರಕ್ಕೆ ಒಂದರಷ್ಟೇ. ಸಿಲಿಕೇಟು ಮತ್ತು ಇಂಗಾಲದ ಈ ಕಣಗಳು ಬಲು ಸೂಕ್ಷ್ಮ, ಮಿಲಿಮೀಟರಿನ ಹತ್ತುಸಾವಿರದ ಒಂದು ಪಾಲಿನ ಆಸುಪಾಸಿನವು. ಚದರ ಮೀಟರಿಗೆ ಹದಿನೈದು ಗ್ರಾಮಿನಷ್ಟು ಧೂಳು, ಎಂದರೆ ಕೆಲವು ಚಮಚೆ ಹಿಟ್ಟು, ಒಂದು ನಕ್ಷತ್ರವನ್ನು ನಮ್ಮಿಂದ ಮರೆಮಾಡುತ್ತದೆ. ಹಿಟ್ಟಿನ ಗಿರಣಿಯಲ್ಲಿ ನಿಂತು ನೋಡಿದವರಿಗೆ ಇದು ಅಸಂಭವವೆನಿಸದು.

ಇಂಥ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ತಡೆಯುತ್ತವೆ. ಮುರ್ಡೇಶ್ವರದ ಕಡಲಂಚಿನಲ್ಲಿ ಮುಳುಗುವ ಸೂರ್ಯನು ಕೆಂಪಾಗುವುದಕ್ಕೂ, ನೀಹಾರಿಕೆಯ ಅಂಚಿನಲ್ಲಿ ತೂರಿಬರುವ ನಕ್ಷತ್ರಗಳು ಕೆಂಪಾಗಿ ತೋರುವುದಕ್ಕೂ ಕಾರಣಗಳು ನಿಕಟ ಸಂಬಂಧಿಗಳು. ಕೆಂಪಿಗಿಂತಲೂ ಉದ್ದವಾದ ಅಲೆಗಳಿಗೆ, ಎಂದರೆ ಅವಕೆಂಪು ಕಿರಣಗಳಿಗೆ, ಧೂಳಿನ ತಡೆ ಇನ್ನೂ ಕಡಿಮೆ. ಅವಕೆಂಪು ಛಾಯಾಚಿತ್ರದಲ್ಲಿ ೬೮ನೆಯ ನೀಹಾರಿಕೆಯ ಹಿಂದಿನ ನಕ್ಷತ್ರಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕಣ್ಣಿಗೆ ಕತ್ತಲೆಯಾಗಿದ್ದ ಎಡೆಯು ನಕ್ಷತ್ರಗಳಿಂದ ತುಂಬಿಕೊಳ್ಳುತ್ತದೆ.

ಇನ್ನು ನಕ್ಷತ್ರಗಳ ಹುಟ್ಟಿನ ಮಾತು. ಒಂದು ಮೋಡವು ತನ್ನ ಗುರುತ್ವಾಕರ್ಷಣೆಯಿಂದಲೇ ಕುಸಿದು ನಕ್ಷತ್ರವಾಗಬೇಕಾದರೆ, ಅದರೊಳಗಿನ ಅನಿಲದ ಒತ್ತಡವನ್ನು ಆ ಆಕರ್ಷಣೆಯು ಮೀರಬೇಕು. ಒತ್ತಡವನ್ನುಂಟುಮಾಡುವುದು ಉಷ್ಣತೆ. ಕುಸಿಯಲು ಬೇಕಾದ ಕನಿಷ್ಠ ದ್ರವ್ಯರಾಶಿಯನ್ನು ಜೇಮ್ಸ್ ಜೀನ್ಸನು ೧೯೦೨ರಲ್ಲಿಯೇ ಲೆಕ್ಕಹಾಕಿದನು. ಸಾಂದ್ರತೆಯು ಒಂದೇ ಆಗಿದ್ದರೆ, ಈ ಮೊತ್ತವು ಉಷ್ಣತೆಯ ಒಂದೂವರೆ ಘಾತವನ್ನು ಅನುಸರಿಸುತ್ತದೆ. ೧೦೦ ಕೆಲ್ವಿನ್ ಉಷ್ಣತೆಯ ಮೋಡವು ೧೦ ಕೆಲ್ವಿನ್‌ಗೆ ತಣಿದರೆ, ಮೊದಲಿಗೆ ಬೇಕಾಗಿದ್ದ ದ್ರವ್ಯರಾಶಿಯ ಮೂವತ್ತರಲ್ಲೊಂದು ಪಾಲಿಗೂ ಕಡಿಮೆಯಿದ್ದರೆ ಸಾಕಾಗುತ್ತದೆ. ಸಾಂದ್ರತೆ ಹೆಚ್ಚಿದರೆ ಅದು ಇನ್ನೂ ಇಳಿಯುತ್ತದೆ.

ನಕ್ಷತ್ರವು ಹುಟ್ಟಲು ಚಳಿ ಬೇಕೆಂಬುದು ಮೊದಲ ಕೇಳಿಕೆಗೆ ವಿಚಿತ್ರವಾಗಿದೆ. ಧೂಳು ಇಲ್ಲಿ ಎರಡು ಬಗೆಯ ಉಪಕಾರವನ್ನು ಮಾಡುತ್ತದೆ. ಹೊರಗಿನ ನಕ್ಷತ್ರಗಳ ಬೆಳಕು ಒಳಹೊಕ್ಕು ಅನಿಲವನ್ನು ಕಾಯಿಸದಂತೆ ತಡೆಯುವುದು ಒಂದು. ತನ್ನ ಮೈಮೇಲೆ ಜಲಜನಕದ ಪರಮಾಣುಗಳು ಜೊತೆಗೂಡಿ ಅಣುಗಳಾಗಲು ಎಡೆಗೊಡುವುದು ಇನ್ನೊಂದು. ಮೋಡದಲ್ಲಿ ಅಲ್ಪವಾಗಿ ಬೆರೆತ ಇಂಗಾಲದ ಮಾನಾಕ್ಸೈಡ್ ಒಳಗಿನ ಶಾಖವನ್ನು ರೇಡಿಯೋ ಅಲೆಗಳಾಗಿ ಹೊರಗೆ ಸಾಗಿಸುತ್ತದೆ. ಹೀಗೆ ನೀಹಾರಿಕೆಯ ಒಡಲು ಹತ್ತು ಕೆಲ್ವಿನ್‌ನ ಆಸುಪಾಸಿಗೆ, ಎಂದರೆ ಶೂನ್ಯ ಸೆಂಟಿಗ್ರೇಡಿಗಿಂತ ೨೬೩ ಡಿಗ್ರಿ ಕೆಳಗೆ ಇಳಿಯುತ್ತದೆ. ಇಂಥ ಕಪ್ಪು ಗೋಳಗಳಲ್ಲಿ ನಕ್ಷತ್ರಗಳು ಮೂಡುತ್ತಿರಬೇಕೆಂದು ಬಾರ್ಟ್ ಬೋಕ್ ಮತ್ತು ಎಡಿತ್ ರೀಲಿ ೧೯೪೭ರಲ್ಲಿ ಸೂಚಿಸಿದಾಗ ಅದು ಬರಿಯ ಊಹೆಯಾಗಿತ್ತು. ಅವಕೆಂಪು ದೂರದರ್ಶಕಗಳು ಬಂದು, ಹಲವು ಗೋಳಗಳ ಒಡಲಲ್ಲಿ ಎಳೆಯ ನಕ್ಷತ್ರಗಳಿರುವುದು ೧೯೯೦ರ ಹೊತ್ತಿಗೆ ಗೊತ್ತಾಯಿತು. ಬೋಕ್ ತೀರಿಕೊಂಡು ಆಗ ಏಳು ವರ್ಷಗಳಾಗಿದ್ದವು.

ಕುಸಿತವು ಒಮ್ಮೆ ಮೊದಲಾದರೆ ವೇಗವಾಗಿ ಸಾಗುತ್ತದೆ. ಘನ ಸೆಂಟಿಮೀಟರಿಗೆ ಹತ್ತು ಸಾವಿರ ಅಣುಗಳಿರುವ ಮೋಡವು ತಡೆಯಿಲ್ಲದೆ ಕುಸಿದರೆ ಸುಮಾರು ಮೂರೂವರೆ ಲಕ್ಷ ವರ್ಷಗಳು ಸಾಕು. ನಕ್ಷತ್ರಗಳ ಆಯುಷ್ಯದಲ್ಲಿ ಇದು ಒಂದು ಗಳಿಗೆ. ಆದರೆ ಕಾಂತಕ್ಷೇತ್ರವೂ ಅನಿಲದ ಕ್ಷೋಭೆಯೂ ಅಡ್ಡಬರುವುದರಿಂದ ಮೋಡದ ಕೆಲವೇ ಪಾಲು ನಕ್ಷತ್ರಗಳಾಗುತ್ತದೆ. ಕುಸಿಯುವ ಅನಿಲವು ಮೊದಲೇ ಇದ್ದ ಅಲ್ಪ ಭ್ರಮಣೆಯನ್ನು ಉಳಿಸಿಕೊಂಡು, ಕೈಗಳನ್ನು ಒಳಕ್ಕೆಳೆದುಕೊಂಡ ನರ್ತಕಿಯಂತೆ ವೇಗವಾಗಿ ತಿರುಗಿ, ಎಳೆಯ ನಕ್ಷತ್ರದ ಸುತ್ತ ತಟ್ಟೆಯಾಗಿ ಹರಡುತ್ತದೆ. ಆ ತಟ್ಟೆಯಿಂದ ಗ್ರಹಗಳು ಮೂಡುತ್ತವೆ. ನಡುವಣ ಗೋಳವು ಸಂಕೋಚದಿಂದ ಕಾದು, ಅದರ ಗರ್ಭದ ಉಷ್ಣತೆಯು ಕೋಟಿ ಡಿಗ್ರಿಯ ಮಟ್ಟಕ್ಕೇರಿದಾಗ ಜಲಜನಕವು ಹೀಲಿಯಮ್ ಆಗಿ ಬೆಸೆಯಲಾರಂಭಿಸುತ್ತದೆ. ನಮ್ಮ ಸೂರ್ಯನೂ ೪೬೦ ಕೋಟಿ ವರ್ಷಗಳ ಹಿಂದೆ ಇಂಥದೇ ಒಂದು ಕತ್ತಲೆಯ ಮೋಡದಿಂದ ಬಂದವನು.

ಈ ಶೋಧನೆಯಲ್ಲಿ ಕರ್ನಾಟಕದ ಪಾಲೊಂದಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದನ್ನು ಅರಿಯರು. ತಣ್ಣನೆಯ ಜಲಜನಕದ ಅಣುವು ಸಮರೂಪಿಯಾದುದರಿಂದ ಯಾವ ಸಂಕೇತವನ್ನೂ ಹೊರಸೂಸುವುದಿಲ್ಲವೆನ್ನಬಹುದು. ಆದುದರಿಂದ ಅದರ ಜೊತೆಗಿರುವ ಇಂಗಾಲದ ಮಾನಾಕ್ಸೈಡಿನ ೨.೬ ಮಿಲಿಮೀಟರ್ ಉದ್ದದ ಅಲೆಯನ್ನೇ ಹಿಡಿಯಬೇಕು. ೧೯೭೦ರಲ್ಲಿ ಮೊದಲು ಪತ್ತೆಯಾದ ಈ ಅಲೆಯನ್ನು ಹಿಡಿಯಲು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಆವರಣದಲ್ಲಿಯೇ ೧೦.೪ ಮೀಟರ್ ವ್ಯಾಸದ ದೂರದರ್ಶಕವೊಂದನ್ನು ಕಟ್ಟಿದರು. ಗಾಳಿಯಲ್ಲಿರುವ ನೀರಾವಿಯು ಈ ಅಲೆಗಳನ್ನು ನುಂಗುತ್ತದೆ. ನಮ್ಮ ಕರಾವಳಿಯ ಬೆವರಿನ ಹವೆಯಲ್ಲಿ ಇಂಥ ಯಂತ್ರವು ಕೆಲಸಕ್ಕೆ ಬಾರದು.

ಅಗಸ್ತ್ಯ ನಕ್ಷತ್ರದ ಪೂರ್ವಕ್ಕೆ, ಪುಪ್ಪಿಸ್ ಮತ್ತು ವೇಲಾ ನಕ್ಷತ್ರಮಂಡಲಗಳಲ್ಲಿ ಗಮ್ ನೀಹಾರಿಕೆಯೆಂಬ ವಿಶಾಲ ಪ್ರದೇಶವಿದೆ. ಅಲ್ಲಿ ಧೂಮಕೇತುವಿನಂತೆ ತಲೆಬಾಲಗಳುಳ್ಳ ಕಪ್ಪು ಗೋಳಗಳನ್ನು ೧೯೭೬ರಲ್ಲಿ ಹಾವರ್ಡೆನ್ ಮತ್ತು ಬ್ರಾಂಡ್ ಎಂಬವರು ಗುರುತಿಸಿದರು. ಮುಂದೆ ಇವುಗಳ ಸಂಖ್ಯೆ ಮೂವತ್ತರ ಹತ್ತಿರಕ್ಕೆ ಬಂದಿತು. ಎಲ್ಲವುಗಳ ಬಾಲಗಳೂ ಒಂದು ಕೇಂದ್ರದಿಂದ ಹೊರಮುಖವಾಗಿ ಚಾಚಿವೆ. ಸಮೀಪದ ಅತ್ಯುಷ್ಣ ನಕ್ಷತ್ರಗಳ ಅತಿನೇರಳೆ ಕಿರಣಗಳು ಗೋಳದ ಮುಖವನ್ನು ಸುಟ್ಟು ಆವಿಯಾಗಿಸಿ, ಅನಿಲವನ್ನು ಹಿಂದಕ್ಕೆ ತಳ್ಳಿ, ಉಳಿದ ತಲೆಯನ್ನು ಒತ್ತಿ ದಟ್ಟಗೊಳಿಸುತ್ತವೆಂದು ವಿವರಣೆ. ಟಿ. ಕೆ. ಶ್ರೀಧರನ್ ಅವರು ಬೆಂಗಳೂರಿನ ದೂರದರ್ಶಕದಿಂದ ಈ ಗೋಳಗಳ ವೇಗಗಳನ್ನು ಅಳೆದು, ಅವು ಒಂದು ಸಾಮಾನ್ಯ ಕೇಂದ್ರದಿಂದ ಸೆಕೆಂಡಿಗೆ ಸುಮಾರು ೧೨ ಕಿಲೋಮೀಟರಿನಂತೆ ದೂರಸರಿಯುತ್ತಿವೆಯೆಂದು ೧೯೯೨ರಲ್ಲಿ ತೋರಿಸಿದರು. ಹಿಂದಕ್ಕೆ ಲೆಕ್ಕ ಹಾಕಿದರೆ, ಕೆಲವು ದಶಲಕ್ಷ ವರ್ಷಗಳ ಹಿಂದೆ ಈ ಚದುರುವಿಕೆ ಮೊದಲಾಗಿರಬೇಕು. ಮೊದಲನೆಯ ಗೋಳದ ತಲೆಯ ಬಳಿ ಎನ್. ಎಕ್ಸ್. ಪುಪ್ಪಿಸ್ ಎಂಬ ಎಳೆಯ ನಕ್ಷತ್ರವಿದೆ. ಒಂದು ತಲೆಮಾರಿನ ನಕ್ಷತ್ರಗಳ ಉರಿಯು ಮುಂದಿನ ತಲೆಮಾರನ್ನು ಬಡಿದೆಬ್ಬಿಸಿತೆಂದು ಇದರಿಂದ ಊಹಿಸುತ್ತಾರೆ. ಅದೇ ಉರಿ ಮೋಡವನ್ನು ಕರಗಿಸಿ, ಹುಟ್ಟಬಹುದಾಗಿದ್ದ ನಕ್ಷತ್ರಗಳನ್ನು ಇಲ್ಲವಾಗಿಸುವುದೂ ಉಂಟು. ಎರಡರಲ್ಲಿ ಯಾವುದು ಹೆಚ್ಚೆಂಬ ವಿಷಯದಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟನ್ನೋದಿದ ವಿದ್ಯಾರ್ಥಿಯು, ಯಂತ್ರಗಳಿಲ್ಲದ ನಮಗೆ ಕಾಣುವುದೇನೆಂದು ಕೇಳಬಹುದು. ಆಕಾಶಗಂಗೆಯ ಅತಿ ಶೋಭಾಯಮಾನವಾದ ಭಾಗವು ಸಂಜೆಗೆ ಏರುವ ತಿಂಗಳುಗಳಲ್ಲಿಯೇ ನಮ್ಮಲ್ಲಿ ಮಳೆಗಾಲವು ಕವಿದಿರುತ್ತದೆ. ಇದು ಕರಾವಳಿಯವರ ದುರ್ದೈವ. ಆದರೆ ಮಾರ್ಚಿಯಲ್ಲಿ ಬೆಳಗಿನ ನಾಲ್ಕೂವರೆಗೆದ್ದರೆ ವೃಶ್ಚಿಕವು ದಕ್ಷಿಣದ ಕಡೆಗೆ ಏರಿರುತ್ತದೆ. ಅದರ ಕೆಂಪು ಜ್ಯೇಷ್ಠಾ ನಕ್ಷತ್ರದ ಬಳಿಯಲ್ಲಿ ಸುಮಾರು ೪೫೦ ಜ್ಯೋತಿರ್ವರ್ಷಗಳಾಚೆ ನಕ್ಷತ್ರಗಳು ಇಂದಿಗೂ ಹುಟ್ಟುತ್ತಿರುವ ಮೋಡವೊಂದಿದೆ. ಅಲ್ಲಿಂದ ಮೂಡಣಕ್ಕೆ ಆಕಾಶಗಂಗೆಯನ್ನು ಸೀಳಿದ ಕಪ್ಪು ಪಟ್ಟೆಯು ಬರಿಗಣ್ಣಿಗೇ ಕಾಣುತ್ತದೆ. ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ ಒಂಬತ್ತು ಗಂಟೆಗೆ, ಕುಮಟೆಯ ಕಡಲತೀರದಲ್ಲಿ ನೇರವಾಗಿ ದಕ್ಷಿಣಕ್ಕೆ ಮುಖಮಾಡಿದರೆ, ನೀರಿನಿಂದ ಒಂದು ಮುಷ್ಟಿಗೆ ತುಸು ಮೇಲೆ ತ್ರಿಶಂಕುವಿನ ಶಿಲುಬೆಯು ನೆಟ್ಟಗೆ ನಿಂತಿರುತ್ತದೆ. ಅದರ ಬುಡಕ್ಕೆ ತಗುಲಿದಂತೆ ಎಡಗಡೆಗಿರುವ ಕಪ್ಪು ಕಲೆಯೇ ಕಲ್ಲಿದ್ದಲ ಚೀಲವೆಂಬ ನೀಹಾರಿಕೆ. ಅದು ನಮ್ಮಿಂದ ಸುಮಾರು ೬೦೦ ಜ್ಯೋತಿರ್ವರ್ಷ ದೂರದಲ್ಲಿದೆ. ಇಷ್ಟು ದೊಡ್ಡ ಮೋಡವಾದರೂ ಇದರಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಕುರುಹು ಸಿಕ್ಕಿಲ್ಲ. ಬಾರ್ನರ್ಡನ ೬೮ನೆಯದೂ ಹಾಗೆಯೇ ಇನ್ನೂ ಬಂಜೆಯಾಗಿದೆ. ಕತ್ತಲೆಯಿದ್ದೊಡನೆ ನಕ್ಷತ್ರವು ಹುಟ್ಟಲೇಬೇಕೆಂಬ ನಿಯಮವಿಲ್ಲ.

ನಾವು ವಿದ್ಯಾರ್ಥಿಗಳೊಡನೆ ಇದನ್ನು ಹುಡುಕಹೊರಟ ಮೊದಲ ಸಲ ಕೈಸಾಗಲಿಲ್ಲ. ದಡದ ಹೊನಲುದೀಪವೊಂದು ಉಪ್ಪಿನ ಮಬ್ಬನ್ನೆಲ್ಲ ಬೆಳಗಿ, ತ್ರಿಶಂಕುವಿನ ನಾಲ್ಕು ನಕ್ಷತ್ರಗಳಲ್ಲಿ ಎರಡನ್ನಷ್ಟೇ ಉಳಿಸಿತ್ತು. ಆಕಾಶವೆಲ್ಲವೂ ಒಂದೇ ಬೂದಿಬಣ್ಣವಾಗಿದ್ದಲ್ಲಿ ಕಪ್ಪು ಕಲೆಯನ್ನು ಬೇರ್ಪಡಿಸುವುದೆಂತು? ಎರಡನೆಯ ಸಲ ಮಳೆ ಬಿದ್ದ ಮರುದಿನ, ಊರಿನಿಂದ ದೂರದ ದಿಣ್ಣೆಯೊಂದನ್ನು ಹತ್ತಿದೆವು. ಕಣ್ಣುಗಳನ್ನು ಇಪ್ಪತ್ತು ನಿಮಿಷ ಕತ್ತಲೆಗೆ ಒಗ್ಗಿಸಿ, ದಪ್ಪ ಕಾಗದದಲ್ಲಿ ಕೊರೆದ ದುಂಡನೆಯ ರಂಧ್ರವನ್ನು ಚಾಚಿದ ಕೈಯಲ್ಲಿ ಹಿಡಿದು, ಕಲೆಯ ಒಳಗೆ ಎಷ್ಟು ನಕ್ಷತ್ರಗಳು, ಅದರ ಪಕ್ಕದ ಅಷ್ಟೇ ಜಾಗದಲ್ಲಿ ಎಷ್ಟು ಎಂದು ಎಣಿಸಿದೆವು. ಹುಡುಗಿಯೊಬ್ಬಳು ಒಳಗೆ ಸೊನ್ನೆ, ಹೊರಗೆ ಏಳು ಎಂದು ಬರೆದುಕೊಂಡಳು. ಮೋಡಗಳನ್ನು ಅಳೆಯಲು ಶಾಸ್ತ್ರಜ್ಞರು ಮೊದಮೊದಲು ಅನುಸರಿಸಿದ ಕ್ರಮವೂ ಇದೇ ಆಗಿತ್ತು. ರಂಧ್ರವು ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿದ್ದರೆ ಸಾಕು.