ಪಾಕ ಬಂದ ಮೇಲೆ

ನಮ್ಮ ಹಲವು ಮನೆಗಳಲ್ಲಿ ಅಡುಗೆಯ ಕ್ರಮಗಳನ್ನು ಬರೆದಿಟ್ಟ ಹಳೆಯ ಪುಸ್ತಕವೊಂದು ಇರುವುದುಂಟು. ಅಜ್ಜಿಯೋ ತಾಯಿಯೋ ಬರೆದ ಆ ಹಾಳೆಗಳಲ್ಲಿ ಮೈಸೂರು ಪಾಕಿನ ವಿವರ ಸಾಮಾನ್ಯವಾಗಿ ಹೀಗಿರುತ್ತದೆ: ಕಡಲೆಹಿಟ್ಟು ಒಂದು ಪಾವು, ಸಕ್ಕರೆ ಎರಡು ಪಾವು, ತುಪ್ಪ ಎರಡು ಪಾವು, ಸಕ್ಕರೆಗೆ ನೀರು ಹಾಕಿ ಒಲೆಯ ಮೇಲಿಟ್ಟು, ಪಾಕ ಬಂದ ಮೇಲೆ ಹಿಟ್ಟು ಸುರಿದು ಕೈಬಿಡದೆ ತಿರುವುವುದು. ಅಳತೆಗಳೆಲ್ಲ ಸ್ಪಷ್ಟವಾಗಿಯೇ ಇವೆ. ಆದರೆ ತಿಂಡಿಯ ಯೋಗ್ಯತೆಯೆಲ್ಲ ನಿಂತಿರುವುದು 'ಪಾಕ ಬಂದ ಮೇಲೆ' ಎಂಬ ಮೂರು ಮಾತುಗಳಲ್ಲಿ. ಪಾಕ ಎಳಸಾದರೆ ಮೈಸೂರು ಪಾಕು ಹಲ್ವವಾಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಬರೆದವರಿಗೆ ಅದರ ಹದ ಗೊತ್ತಿತ್ತು, ಆದುದರಿಂದ ಬರೆಯಲಿಲ್ಲ. ಅವರು ಕಾಲವಾದ ಮೇಲೆ ಪುಸ್ತಕ ಉಳಿಯುತ್ತದೆ, ತಿಂಡಿ ಉಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು ಕೆಲವರು 'ಹತ್ತು ನಿಮಿಷ ಕುದಿಸಿ' ಎಂದು ಬರೆಯುತ್ತಾರೆ. ಇದರಿಂದ ಪ್ರಯೋಜನವಿಲ್ಲ. ಏಕಿಲ್ಲ ಎಂಬುದನ್ನು ತಿಳಿಯಬೇಕಾದರೆ 'ಹದ' ಎಂಬ ಮಾತಿಗೆ ಭೌತಶಾಸ್ತ್ರದ ಭಾಷೆಯಲ್ಲಿ ಏನು ಅರ್ಥ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಮೊದಲು ಬರಿಯ ನೀರಿನಿಂದ ಪ್ರಾರಂಭಿಸೋಣ.

ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಒಮ್ಮೆ ಕುದಿಯತೊಡಗಿದ ನೀರಿನ ಕೆಳಗೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ವೆಚ್ಚವಾಗುತ್ತದೆ. ಒಂದು ಗ್ರಾಂ ನೀರನ್ನು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೭೫ ಕ್ಯಾಲೊರಿ ಸಾಕು. ಅದೇ ಒಂದು ಗ್ರಾಮನ್ನು ಆವಿಯಾಗಿಸಲು ಸುಮಾರು ೫೪೦ ಕ್ಯಾಲೊರಿ ಬೇಕು. ಇದನ್ನೇ ಗುಪ್ತೋಷ್ಣವೆಂದು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅನ್ನದ ಎಸರು ಕೊತಕೊತನೆ ಕುದಿಯುತ್ತಿದ್ದರೂ, ಮೆಲ್ಲಗೆ ಕುದಿಯುತ್ತಿದ್ದರೂ ಅಕ್ಕಿ ಬೇಯುವ ವೇಗ ಹೆಚ್ಚುಕಡಿಮೆ ಒಂದೇ. ಕುದಿ ಹತ್ತಿದ ಮೇಲೂ ದೊಡ್ಡ ಉರಿಯನ್ನು ಉಳಿಸಿಕೊಳ್ಳುವವರು ಅಡುಗೆಮನೆಯ ಗೋಡೆಗಳನ್ನು ಬೇಯಿಸುತ್ತಿದ್ದಾರೆಂದೇ ಹೇಳಬೇಕು.

ಈ ೧೦೦ ಡಿಗ್ರಿಯಾದರೂ ಎಲ್ಲೆಡೆಯೂ ೧೦೦ ಅಲ್ಲ. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಇಳಿಯುತ್ತದೆ, ಅದರೊಡನೆ ಕುದಿಬಿಂದುವೂ ಇಳಿಯುತ್ತದೆ; ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ. ಮಂಗಳೂರಿನಲ್ಲಿ ೧೦೦ ಡಿಗ್ರಿಯಲ್ಲಿ ಕುದಿಯುವ ನೀರು, ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ೯೭ ಡಿಗ್ರಿಗೇ ಕುದಿದುಬಿಡುತ್ತದೆ. ಸುಮಾರು ೩,೫೦೦ ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ೮೮ ಡಿಗ್ರಿಗೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವುದು ತಾಳ್ಮೆಯ ಪರೀಕ್ಷೆಯೇ ಸರಿ.

ಕುದಿಬಿಂದುವನ್ನು ಏರಿಸುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಒತ್ತಡವನ್ನು ಹೆಚ್ಚಿಸುವುದು. ೧೬೭೯ರಲ್ಲಿ ಫ್ರಾನ್ಸ್ ದೇಶದ ಡೆನಿ ಪಾಪಿನ್ ಎಂಬಾತ ಲಂಡನ್ನಿನಲ್ಲಿ ಭದ್ರವಾದ ಮುಚ್ಚಳವುಳ್ಳ ಪಾತ್ರೆಯೊಂದನ್ನು ರಚಿಸಿ, ಗಟ್ಟಿ ಮೂಳೆಗಳನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದನು. ಪಾತ್ರೆ ಸಿಡಿಯದಂತೆ ಅದಕ್ಕೊಂದು ರಕ್ಷಣಾ ಕವಾಟವನ್ನೂ ಅಳವಡಿಸಿದನು. ನಮ್ಮ ಕುಕ್ಕರು ಆ ಪಾತ್ರೆಯ ಸಂತತಿ. ಅದರ ಮೇಲಿರುವ ತೂಕ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಹೆಚ್ಚಿನ ಒತ್ತಡ ಒಳಗೆ ಉಂಟಾಗುವವರೆಗೂ ಆವಿಯನ್ನು ತಡೆದಿಡುತ್ತದೆ. ಆಗ ಒಳಗಿನ ನೀರಿನ ಉಷ್ಣತೆ ಸುಮಾರು ೧೨೦ ಡಿಗ್ರಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವೊಂದಿದೆ. ಆ ಲೆಕ್ಕದಲ್ಲಿ ಬೇಳೆ ಕಾಲುಭಾಗ ಹೊತ್ತಿನಲ್ಲಿ ಬೇಯಬೇಕು; ಬೇಯುತ್ತದೆ ಕೂಡ.

'ಮೂರು ಕೂಗು ಕೂಗಿಸಿ' ಎಂಬುದೂ ನಿಮಿಷದ ಲೆಕ್ಕದಷ್ಟೇ ಸಡಿಲವಾದ ಮಾತು. ಉರಿ ದೊಡ್ಡದಾದರೆ ಮೂರು ಕೂಗು ಬೇಗ ಮುಗಿಯುತ್ತದೆ, ಬೇಳೆಗೆ ದೊರೆತ ಕಾಲ ಕಡಿಮೆಯಾಗುತ್ತದೆ. ಮೊದಲ ಕೂಗು ಕೇಳಿದೊಡನೆ ಉರಿಯನ್ನು ತಗ್ಗಿಸಿ, ಅಲ್ಲಿಂದ ಗಡಿಯಾರವನ್ನು ನೋಡುವುದು ಸರಿಯಾದ ಕ್ರಮ.

ಇಲ್ಲಿ ಇನ್ನೊಂದು ಮಾತು. ಬೇಯುವುದಕ್ಕೆ ಉಷ್ಣತೆಯೊಂದೇ ಸಾಲದು. ಬಿಸಿಬೇಳೆ ಅನ್ನ ಮಾಡುವಾಗ ಅನುಭವಸ್ಥರು ತೊಗರಿಬೇಳೆ ಚೆನ್ನಾಗಿ ಬೆಂದ ಮೇಲೆಯೇ ಹುಣಿಸೆಯ ರಸವನ್ನು ಹಾಕುತ್ತಾರೆ. ಇದು ಬರಿಯ ಸಂಪ್ರದಾಯವಲ್ಲ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೇ ಬೇಳೆ ಕರಗುವುದು. ಆಮ್ಲವಿದ್ದಲ್ಲಿ ಅದು ಸುಲಭವಾಗಿ ಕರಗದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇದೇ ರೀತಿ ಅಡ್ಡಿಮಾಡುತ್ತದೆ. ಒಂದೇ ಬೇಳೆ ಒಂದು ಊರಿನ ಬಾವಿಯ ನೀರಿನಲ್ಲಿ ಬೆಂದು ಇನ್ನೊಂದೂರಿನ ನೀರಿನಲ್ಲಿ ಬೇಯದಿದ್ದರೆ, ಬೇಳೆಯ ಅಂಗಡಿಯವನನ್ನು ದೂಷಿಸುವ ಮುನ್ನ ನೀರನ್ನು ಪರೀಕ್ಷಿಸುವುದು ನ್ಯಾಯ.

ಕುದಿಬಿಂದುವನ್ನು ಏರಿಸುವ ಎರಡನೆಯ ಮಾರ್ಗವೇ ನಮ್ಮ ಮುಖ್ಯ ವಿಷಯವಾದ ಪಾಕ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದರ ಕುದಿಬಿಂದು ಮೇಲೇರುತ್ತದೆ. ತೂಕದಲ್ಲಿ ಅರ್ಧ ಸಕ್ಕರೆ, ಅರ್ಧ ನೀರು ಇರುವ ದ್ರಾವಣ ಸಮುದ್ರಮಟ್ಟದಲ್ಲಿ ಸುಮಾರು ೧೦೨ ಡಿಗ್ರಿಯಲ್ಲಿ ಕುದಿಯುತ್ತದೆ. ಸಕ್ಕರೆಯ ಪಾಲು ನೂರಕ್ಕೆ ೭೦ ಆದಾಗ ಸುಮಾರು ೧೦೬ ಡಿಗ್ರಿ. ೮೦ ಆದಾಗ ಸುಮಾರು ೧೧೨. ಬರಿಯ ನೀರಿನಂತೆ ಪಾಕ ಒಂದೇ ಉಷ್ಣತೆಯಲ್ಲಿ ನಿಲ್ಲುವುದಿಲ್ಲ. ಕುದಿದಷ್ಟೂ ನೀರು ಕಳೆಯುತ್ತದೆ, ಉಳಿದದ್ದು ಮಂದವಾಗುತ್ತದೆ, ಕುದಿಬಿಂದು ಏರುತ್ತ ಹೋಗುತ್ತದೆ. ಹೀಗಾಗಿ ಕುದಿಯುವ ಪಾಕದ ಉಷ್ಣತೆಯನ್ನು ಹೇಳಿದರೆ ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೇ ಹೇಳಿದಂತಾಯಿತು.

ನಮ್ಮ ಅಜ್ಜಿಯರು ಅಳೆಯುತ್ತಿದ್ದುದೂ ಇದನ್ನೇ, ಆದರೆ ಬೇರೊಂದು ಉಪಕರಣದಿಂದ. ಸೌಟಿನ ತುದಿಯ ಪಾಕ ತುಸು ಆರಿದ ಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಕಡಿಯದೆ ಒಂದು ಎಳೆ ನಿಂತರೆ ಅದು ಎಳೆಪಾಕ. ೧೦೫ ಡಿಗ್ರಿಗೆ ಸ್ವಲ್ಪ ಮೇಲಿನಿಂದ ೧೧೨ರವರೆಗೆ ಇದರ ವ್ಯಾಪ್ತಿ. ತಣ್ಣೀರಿನ ಬಟ್ಟಲಿಗೆ ಬಿಟ್ಟ ತೊಟ್ಟು ಕರಗದೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿದರೆ ಉಂಡೆಪಾಕ. ಅದು ೧೧೨ರಿಂದ ೧೧೬ ಡಿಗ್ರಿ. ಕಜ್ಜಾಯದ ಬೆಲ್ಲಕ್ಕೆ ನೋಡುವುದು ಈ ಗುರುತನ್ನೇ. ತೊಟ್ಟು ನೀರಿನಲ್ಲಿ ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ಟಣ್ಣೆಂದು ಸದ್ದು ಮಾಡಿ, ಮುರಿದರೆ ಗಾಜಿನಂತೆ ಮುರಿದರೆ ಉಷ್ಣತೆ ೧೫೦ರ ಆಸುಪಾಸಿಗೆ ಬಂದಿದೆ. ಕಡಲೆಕಾಯಿ ಚಿಕ್ಕಿಗೆ ಬೇಕಾದದ್ದು ಅದು. ಬೆರಳು ಅಳೆಯುವುದು ಸ್ನಿಗ್ಧತೆಯನ್ನು. ಸ್ನಿಗ್ಧತೆ ನೀರಿನ ಪ್ರಮಾಣವನ್ನು ಅವಲಂಬಿಸಿದೆ. ನೀರಿನ ಪ್ರಮಾಣ ಕುದಿಬಿಂದುವನ್ನು ನಿರ್ಧರಿಸುತ್ತದೆ. ಮೂರೂ ಒಂದೇ ಸಂಗತಿಯ ಮೂರು ಮುಖಗಳು.

ಇನ್ನು ನಿಮಿಷದ ಲೆಕ್ಕ ಏಕೆ ಕೆಡುತ್ತದೆ ಎಂಬುದನ್ನು ಗುಣಿಸಿ ನೋಡೋಣ. ಪಾತ್ರೆಯಲ್ಲಿ ೨೫೦ ಗ್ರಾಂ ಸಕ್ಕರೆ ಇದೆಯೆಂದುಕೊಳ್ಳಿ. ಪಾಕದಲ್ಲಿ ಸಕ್ಕರೆಯ ಪಾಲು ನೂರಕ್ಕೆ ೮೦ ಆದಾಗ ಉಳಿದಿರುವ ನೀರು ೬೨ ಗ್ರಾಮಿಗೆ ಸ್ವಲ್ಪ ಹೆಚ್ಚು. ೮೫ ಆದಾಗ ೪೪ ಗ್ರಾಂ. ಎಳೆಪಾಕಕ್ಕೂ ಉಂಡೆಪಾಕಕ್ಕೂ ನಡುವಿನ ಅಂತರ ಸುಮಾರು ೧೮ ಗ್ರಾಂ ನೀರು, ಎಂದರೆ ಒಂದು ದೊಡ್ಡ ಚಮಚೆಗಿಂತ ತುಸು ಹೆಚ್ಚು! ಇದನ್ನು ಆವಿಯಾಗಿಸಲು ಬೇಕಾದ ಶಾಖ ಸುಮಾರು ೧೦,೦೦೦ ಕ್ಯಾಲೊರಿ. ಅನಿಲದ ಒಲೆಯ ದೊಡ್ಡ ಉರಿಗೆ ಇದು ಹೆಚ್ಚೆಂದರೆ ಒಂದು ನಿಮಿಷದ ಕೆಲಸ. ಬಾಣಲೆ ಅಗಲವಾಗಿದ್ದರೆ, ಮೊದಲು ಹಾಕಿದ ನೀರು ಒಂದು ಚಮಚೆ ಕಡಿಮೆಯಾಗಿದ್ದರೆ, ಉರಿ ಕೊಂಚ ಹೆಚ್ಚಾಗಿದ್ದರೆ, ಬರೆದಿಟ್ಟ ನಿಮಿಷಗಳಿಗೆ ಅರ್ಥವೇ ಉಳಿಯುವುದಿಲ್ಲ. ಬೆರಳಿನ ಎಳೆಯಾದರೋ ಬಾಣಲೆಯನ್ನೂ ಉರಿಯನ್ನೂ ಲೆಕ್ಕಿಸದೆ ಉಳಿದ ನೀರನ್ನು ನೇರವಾಗಿ ಸೂಚಿಸುತ್ತದೆ.

ಪಾಕಕ್ಕೆ ನಿಂಬೆಯ ರಸವನ್ನು ಹನಿಸುವ ಪದ್ಧತಿಯೂ ವಿಚಾರಯೋಗ್ಯವಾದದ್ದು. ನೂರು ಗ್ರಾಂ ನೀರು ೨೦ ಡಿಗ್ರಿಯಲ್ಲಿ ಸುಮಾರು ೨೦೦ ಗ್ರಾಂ ಸಕ್ಕರೆಯನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ೧೦೦ ಡಿಗ್ರಿಯಲ್ಲಿ ೪೮೦ ಗ್ರಾಮಿಗೂ ಹೆಚ್ಚು. ಬಿಸಿಯಲ್ಲಿ ಕರಗಿದ್ದ ಸಕ್ಕರೆ ಆರಿದಾಗ ಹೊರಬಂದು ಹರಳುಗಟ್ಟಲು ಸಮಯ ಕಾಯುತ್ತಿರುತ್ತದೆ. ಆಮ್ಲ ಬಿದ್ದಾಗ ಸಕ್ಕರೆಯ ಕೆಲವು ಅಣುಗಳು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಬೇರೆ ಸಕ್ಕರೆಗಳಾಗುತ್ತವೆ. ಒಂದೇ ಆಕಾರದ ಇಟ್ಟಿಗೆಗಳ ನಡುವೆ ಬೇರೆ ಆಕಾರದವು ಸೇರಿಕೊಂಡರೆ ಗೋಡೆ ಏಳದಿರುವಂತೆ, ಹರಳು ಬೆಳೆಯಲಾರದು. ಆಗ ಜಾಮೂನಿನ ಪಾಕ ತಿಳಿಯಾಗಿ ಉಳಿಯುತ್ತದೆ.

ಈಗ ಮೈಸೂರು ಪಾಕಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂದು ಪ್ರತೀತಿ. ಇದರಲ್ಲಿ ಪಾಕದ ಹದದೊಡನೆ ತುಪ್ಪದ ಬಿಸಿಯೂ ಮುಖ್ಯ. ತುಪ್ಪಕ್ಕೆ ನೀರಿನಂತೆ ೧೦೦ ಡಿಗ್ರಿಯ ಕಟ್ಟಿಲ್ಲ. ಚೆನ್ನಾಗಿ ಕಾದ ತುಪ್ಪವನ್ನು ಸೌಟು ಸೌಟಾಗಿ ಹಿಟ್ಟು-ಪಾಕದ ಮೇಲೆ ಸುರಿದಾಗ ಒಳಗಿನ ನೀರು ಒಮ್ಮೆಲೇ ಆವಿಯಾಗಿ, ಗಾತ್ರದಲ್ಲಿ ಸುಮಾರು ೧,೭೦೦ ಪಟ್ಟು ಹಿಗ್ಗಲು ಯತ್ನಿಸುತ್ತದೆ. ಬಾಣಲೆಯಲ್ಲಿ ಬುಸುಬುಸು ನೊರೆಯೇಳುವುದು ಇದರಿಂದಲೇ. ಆವಿ ಹೊರಬಂದ ದಾರಿಗಳು ತಿಂಡಿ ಆರಿದಾಗ ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುತ್ತವೆ. ತುಪ್ಪ ತಣ್ಣಗಿದ್ದರೆ ಈ ಗೂಡುಗಳಾಗುವುದಿಲ್ಲ. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ. ನಡುಭಾಗಕ್ಕೆ ಶಾಖ ಹೊರಹೋಗಲು ದಾರಿ ದೂರ. ಅಲ್ಲಿ ಸಕ್ಕರೆಗೂ ಹಿಟ್ಟಿನ ಸಸಾರಜನಕಕ್ಕೂ ನಡೆಯುವ ಕ್ರಿಯೆ ಮುಂದುವರಿಯುತ್ತಲೇ ಇರುತ್ತದೆ. ಫ್ರಾನ್ಸಿನ ಮೈಯಾರ್ ೧೯೧೨ರಲ್ಲಿ ವಿವರಿಸಿದ ಕ್ರಿಯೆ ಇದು. ಹುರಿದ, ಸುಟ್ಟ ಪದಾರ್ಥಗಳ ಕಂದು ಬಣ್ಣ, ಪರಿಮಳಗಳ ಮೂಲ ಬಹುಮಟ್ಟಿಗೆ ಇದೇ. ಕತ್ತರಿಸಿದ ತುಂಡಿನ ನಡುವೆ ಕೆಂಪು ಗೆರೆ, ಮೇಲೆ ಕೆಳಗೆ ಹಳದಿ ಬಣ್ಣ ಕಂಡರೆ, ಶಾಖವಹನದ ಪಾಠದ ಚಿತ್ರವನ್ನೇ ನೋಡಿದಂತೆ. ಒಂದನ್ನು ತಿನ್ನುವ ಮುನ್ನ ಪರೀಕ್ಷಿಸಬಹುದು.

ಮುದ್ದೆಯ ಹದ ಬೇರೆ ಬಗೆಯದು. ರಾಗಿಯ ಪಿಷ್ಟದ ಕಣಗಳು ಸುಮಾರು ೬೦ರಿಂದ ೭೫ ಡಿಗ್ರಿಯ ನಡುವೆ ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಕುದಿಯುವ ನೀರಿಗೆ ಹಿಟ್ಟು ಹಾಕಿದ ಕೂಡಲೇ ಕೋಲಾಡಿಸಿದರೆ ಪ್ರತಿ ಮುದ್ದೆಗಂಟಿನ ಹೊರಮೈ ಮೊದಲು ಅಂಟಾಗಿ ಒಳಗೆ ಒಣಹಿಟ್ಟು ಸೆರೆಯಾಗುತ್ತದೆ. ಅದಕ್ಕಾಗಿಯೇ ಹಿಟ್ಟನ್ನು ನೀರಿನ ನಡುವೆ ಗುಡ್ಡೆಯಾಗಿ ಸುರಿದು, ಆವಿಯೂ ನೀರೂ ಒಳಹೊಕ್ಕು ಬೇಯುವವರೆಗೆ ಮುಟ್ಟದೆ ಬಿಟ್ಟು, ಅನಂತರ ಕೋಲಿನಿಂದ ತೊಳಸುವರು. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆಯೆಂದು ಗುರುತು.

ಪಾಕದ ಕೆಲಸ ಮಾಡುವಾಗ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಕುದಿನೀರು ಚರ್ಮದ ಮೇಲೆ ಬಿದ್ದರೆ ಹರಿದುಹೋಗುತ್ತದೆ. ಪಾಕ ಅಂಟಿಕೊಂಡು, ೧೦೦ ಡಿಗ್ರಿಗೂ ಮೇಲಿನ ಬಿಸಿಯನ್ನು ನಿಂತು ಕೊಡುತ್ತದೆ. ಬಿದ್ದಾಗ ಮೊದಲು ಮಾಡಬೇಕಾದುದು ಹರಿಯುವ ತಣ್ಣೀರಿನ ಕೆಳಗೆ ಬಹಳ ಹೊತ್ತು ಹಿಡಿಯುವುದು. ಕುಕ್ಕರಿನ ಆವಿಯೂ ಹಾಗೆಯೇ: ಒಂದು ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಾಗ ೬೩ ಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಆವಿ ಅದಕ್ಕೆ ೫೪೦ ಸೇರಿಸಿ ಕೊಡುತ್ತದೆ.

ಮನೆಯ ಹಿರಿಯರು ಪಾಕ ಹಿಡಿಯುವಾಗ ಪಕ್ಕದಲ್ಲಿ ನಿಂತು, ಅವರು 'ಬಂತು' ಎಂದ ಕ್ಷಣದ ಉಷ್ಣತೆಯನ್ನು ಬರೆದುಕೊಳ್ಳಿ. ಎಳೆ ಹೇಗಿತ್ತು, ಗುಳ್ಳೆಗಳು ಸಣ್ಣವೋ ದೊಡ್ಡವೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಪ್ರಯೋಗಶಾಲೆಯ ಪಾದರಸದ ಉಷ್ಣತಾಮಾಪಕವನ್ನು ಮಾತ್ರ ಆಹಾರದಲ್ಲಿ ಎಂದಿಗೂ ಅದ್ದಬಾರದು, ಒಡೆದರೆ ವಿಷ. ಉಕ್ಕಿನ ಕಡ್ಡಿಯುಳ್ಳ ಅಡುಗೆಯ ಮಾಪಕಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮೊದಲು ಅದನ್ನು ಕುದಿಯುವ ಬರಿಯ ನೀರಿನಲ್ಲಿಟ್ಟು ನಿಮ್ಮ ಊರಿನ ಕುದಿಬಿಂದುವನ್ನು ತಿಳಿದುಕೊಳ್ಳಿ. ಪಾಕದ ಅಂಕಿಗಳನ್ನೆಲ್ಲ ಅದಕ್ಕಿಂತ ಎಷ್ಟು ಮೇಲೆ ಎಂದೇ ಎಣಿಸಬೇಕು: ಮಂಗಳೂರಿನ ಅಜ್ಜಿಯ ಒಲೆಯ ಮೇಲೆ ೧೧೨ ಡಿಗ್ರಿಗೆ ಬಂದ ಪಾಕ, ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ ೧೦೯ಕ್ಕೇ ಬಂದಿರುತ್ತದೆ.